ಮನೆಯಾಚೆಯ ಊಟ: ಮಗುವಿನ ನಿಯಮ, ತಾಯ್ತಂದೆಯರ ಹೊಣೆ

ಆಹಾರಶುದ್ಧಿಯ ಪಾಠವು ಶ್ರಾವಕನ ಮನೆಯಲ್ಲಿ ಮಾತಿನಿಂದ ಆರಂಭವಾಗುವುದಿಲ್ಲ; ನಡತೆಯಿಂದ ಆರಂಭವಾಗುತ್ತದೆ. ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ಹಿರಿಯರು, ಬಟ್ಟೆಯಲ್ಲಿ ಸೋಸಿ ತುಂಬಿದ ನೀರಿನ ಕೊಡ, ಗೆಡ್ಡೆಗೆಣಸುಗಳಿಗೆ ಪ್ರವೇಶವಿಲ್ಲದ ಅಡಿಗೆಮನೆ, ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿಯನ್ನು ಬಿಡುವ ತಾಯಿ, ಇವುಗಳ ನಡುವೆ ಬೆಳೆಯುವ ಮಗು ಯಾರೂ ಹೇಳದೆಯೇ ಎಷ್ಟನ್ನೋ ಕಲಿಯುತ್ತದೆ. ಆದರೆ ಹೀಗೆ ಕಲಿತದ್ದು ಅಭ್ಯಾಸವೇ ಹೊರತು ಇನ್ನೂ ವ್ರತವಲ್ಲ. ಅಭ್ಯಾಸವು ಮನೆಯ ಹೊಸಿಲಿನವರೆಗೆ ಕಾಪಾಡುತ್ತದೆ. ಹೊಸಿಲು ದಾಟಿದ ಮೇಲೆ ಕಾಪಾಡಬಲ್ಲದ್ದು ಮಗುವಿನ ಸ್ವಂತ ತಿಳಿವಳಿಕೆ ಮಾತ್ರ.

ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳು ಇಂದು ಹೊಸಿಲು ದಾಟುವ ಸಂದರ್ಭಗಳು ಒಂದೆರಡಲ್ಲ. ಶಾಲೆಯ ಊಟ, ಗೆಳೆಯರ ಹುಟ್ಟುಹಬ್ಬ, ಆಟೋಟಗಳ ಪಂದ್ಯ, ಮೂರು ನಾಲ್ಕು ದಿನಗಳ ಪ್ರವಾಸ, ಇಲ್ಲೆಲ್ಲ ತಾಯಿಯ ಕಣ್ಣೂ ಇಲ್ಲ, ತಂದೆಯ ಧ್ವನಿಯೂ ಇಲ್ಲ. ಅಲ್ಲಿ ಮಗು ಏನು ತಿನ್ನುತ್ತದೆ ಎಂಬುದರ ಮೇಲೆ ಹೆತ್ತವರ ಪ್ರಭಾವ ಎಷ್ಟರ ಮಟ್ಟಿಗೆ ನಡೆಯಬಲ್ಲದು, ಯಾವ ಬಗೆಯ ಪ್ರಭಾವ ನಿಲ್ಲುತ್ತದೆ, ಯಾವುದು ಹಾನಿಯನ್ನೇ ಮಾಡುತ್ತದೆ ಎಂಬುದನ್ನು ಶ್ರಾವಕಾಚಾರ ಗ್ರಂಥಗಳ ಬೆಳಕಿನಲ್ಲಿ ವಿಚಾರಿಸುವುದು ಈ ಪಾಠದ ಉದ್ದೇಶ.

1. ಎಂಟು ವರ್ಷದ ಗಡಿ

ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳನ್ನೂ ಆಲ, ಅರಳಿ, ಅತ್ತಿ ಮೊದಲಾದ ಐದು ಉದುಂಬರ ಫಲಗಳನ್ನೂ ತ್ಯಜಿಸುವುದೇ ಶ್ರಾವಕನ ಅಷ್ಟಮೂಲಗುಣವೆಂದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಹೇಳುತ್ತದೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಮಕಾರಗಳ ತ್ಯಾಗದೊಡನೆ ಐದು ಅಣುವ್ರತಗಳನ್ನು ಸೇರಿಸಿ ಎಂಟೆಂದು ಎಣಿಸಿದ್ದಾರೆ. ಎಣಿಕೆಯಲ್ಲಿ ಭೇದವಿದ್ದರೂ ಮೂರು ಮಕಾರಗಳ ವಿಷಯದಲ್ಲಿ ಭೇದವಿಲ್ಲ.

ಕೂಸನ್ನು ಮೊದಲ ಬಾರಿಗೆ ಬಸದಿಗೆ ಕರೆದೊಯ್ದಾಗ ಕಿವಿಯಲ್ಲಿ ಣಮೋಕಾರ ಮಂತ್ರವನ್ನು ಹೇಳಿ ಮೂಲಗುಣಗಳನ್ನು ಕೊಡಿಸುವ ರೂಢಿ ದಿಗಂಬರ ಸಮಾಜದಲ್ಲಿ ಹಲವೆಡೆ ಇದೆ. ಏನೂ ಅರಿಯದ ಕೂಸು ವ್ರತವನ್ನು ಪಾಲಿಸುವುದು ಹೇಗೆ? ಎಂಟು ವರ್ಷದವರೆಗೆ ಅದರ ಪಾಲನೆಯ ಹೊಣೆ ತಾಯ್ತಂದೆಯರದೇ ಎಂಬುದು ಆ ರೂಢಿಯ ಅರ್ಥ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸುವಾಗ ಉಪನೀತಿ ಕ್ರಿಯೆಯನ್ನು ಎಂಟನೆಯ ವರ್ಷಕ್ಕೆ ವಿಧಿಸಲಾಗಿದೆ. ಸಂಯಮವನ್ನು ಗ್ರಹಿಸುವ ಯೋಗ್ಯತೆ ಮನುಷ್ಯನಿಗೆ ಎಂಟು ವರ್ಷಗಳ ತರುವಾಯ ಒದಗುತ್ತದೆಂಬ ಆಗಮದ ಮಾತಿಗೂ ಇದಕ್ಕೂ ಹೊಂದಾಣಿಕೆಯಿದೆ.

ಇದರಿಂದ ತಿಳಿಯಬೇಕಾದುದೇನು? ಎಂಟರವರೆಗೆ ಮಗುವಿನ ತಟ್ಟೆಯನ್ನು ಕಾಯುವುದು ಹೆತ್ತವರ ಕೆಲಸ. ಎಂಟರ ಮೇಲೆ ಆ ಹೊಣೆ ಮೆಲ್ಲಮೆಲ್ಲನೆ ಮಗುವಿನ ಕೈಗೆ ದಾಟಬೇಕು. ಆಗ ಹೆತ್ತವರು ಕಾವಲುಗಾರರ ಸ್ಥಾನವನ್ನು ಬಿಟ್ಟು ಗುರುಗಳ ಸ್ಥಾನಕ್ಕೆ ಬರಬೇಕು. ಹನ್ನೊಂದು ವರ್ಷದ ಬಾಲಕನನ್ನು ನಾಲ್ಕು ವರ್ಷದ ಕೂಸಿನಂತೆ ಕಾಯುವುದೂ ತಪ್ಪು. ಏನನ್ನೂ ಕಲಿಸದೆ ನಲವತ್ತು ವರ್ಷದ ಗೃಹಸ್ಥನಂತೆ ಅವನಿಂದ ದೃಢತೆಯನ್ನು ನಿರೀಕ್ಷಿಸುವುದೂ ತಪ್ಪು. ಈ ಎರಡು ತಪ್ಪುಗಳ ಫಲ ಹೇಗಿರುತ್ತದೆ ಎಂಬುದಕ್ಕೆ ಒಂದು ದೃಷ್ಟಾಂತವನ್ನು ನೋಡಬಹುದು.

2. ದೃಷ್ಟಾಂತ: ಮೂರು ದಿನದ ಪ್ರವಾಸ

ಬೆಳಗಾವಿ ಸೀಮೆಯ ಒಂದು ಶ್ರಾವಕ ಕುಟುಂಬ. ಆರನೆಯ ತರಗತಿಯಲ್ಲಿ ಓದುವ ಹನ್ನೊಂದು ವರ್ಷದ ಮಗ ಡಿಸೆಂಬರಿನಲ್ಲಿ ಶಾಲೆಯವರೊಡನೆ ಬಾದಾಮಿ, ಪಟ್ಟದಕಲ್ಲು, ಹಂಪೆಗಳ ಪ್ರವಾಸಕ್ಕೆ ಹೊರಟ. ತಾಯಿ ಖಡಕ್ ರೊಟ್ಟಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ, ಬೇಸನ್ ಉಂಡೆಗಳನ್ನು ಕಟ್ಟಿಕೊಟ್ಟಳು. ತಂದೆ ತಿನ್ನಬಾರದ ವಸ್ತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟು, ದೇವರ ಮುಂದೆ ನಿಲ್ಲಿಸಿ, “ಇದರಲ್ಲಿ ಒಂದನ್ನು ಮುಟ್ಟಿದರೂ ಮನೆಗೆ ಬರಬೇಡ” ಎಂದು ಕಟ್ಟಪ್ಪಣೆ ಮಾಡಿದನು. ಹುಡುಗ ತಲೆಯಾಡಿಸಿ ಹೋದ. ಮೂರು ದಿನಗಳ ಮೇಲೆ ಬಂದು, ಎಲ್ಲವೂ ಸರಿಯಾಗಿ ನಡೆಯಿತೆಂದ.

ವಾರ ಕಳೆದ ಮೇಲೆ ಸಹಪಾಠಿಯೊಬ್ಬನ ತಾಯಿ ಮಾತಿನ ನಡುವೆ, ಮಕ್ಕಳೆಲ್ಲ ಹೊಸಪೇಟೆಯ ದಾರಿಯಲ್ಲಿ ರಾತ್ರಿ ಒಂಬತ್ತು ಗಂಟೆಗೆ ಒಟ್ಟಿಗೆ ಕುಳಿತು ನೂಡಲ್ಸು ತಿಂದ ಸಂಭ್ರಮವನ್ನು ಹೇಳಿದಳು. ಮನೆಯಲ್ಲಿ ವಿಚಾರಣೆ ನಡೆಯಿತು. ಹುಡುಗ ಮೊದಲು ಇಲ್ಲವೆಂದ. ಆಮೇಲೆ ಬೇರೆಯವರು ತಿಂದರೆಂದ. ಕೊನೆಗೆ ಮೂಲೆಯಲ್ಲಿ ನಿಂತು ಮೌನಿಯಾದ. ತಂದೆಯ ಕೈ ಮೇಲೆದ್ದಿತು. ಒಳಗಿನಿಂದ ಬಂದ ಅಜ್ಜಿ ನಡುವೆ ನಿಂತು ಕೇಳಿದ ಮಾತು ಒಂದೇ: “ಅವನಿಗೆ ಅವತ್ತು ಹಸಿವಾಗಿತ್ತೇನೆಂದು ನಿಮ್ಮಲ್ಲಿ ಯಾರಾದರೂ ಕೇಳಿದಿರೇನಪ್ಪಾ?”

ಆಗ ಹುಡುಗನ ಬಾಯಿಂದ ಸಂಗತಿಯೆಲ್ಲ ಹೊರಬಂತು. ಮೊದಲನೆಯ ಸಂಜೆ ಬಸ್ಸು ಕೆಟ್ಟು ತಡವಾಯಿತು. ಬುತ್ತಿಯ ಚೀಲವನ್ನು ಉಳಿದ ಸಾಮಾನಿನೊಡನೆ ಬಸ್ಸಿನ ಮೇಲೆ ಕಟ್ಟಿದ್ದರು. ಹೊತ್ತು ಮುಳುಗಿತು. ಕೇಳಿದರೆ ಗುರುಗಳು ಬೈದಾರೆಂದು ಅಂಜಿ ಅವನು ಕೇಳಲಿಲ್ಲ. ಮೂರು ತಾಸು ಹಸಿದಿದ್ದ ಮೇಲೆ ಎಲ್ಲರೊಡನೆ ತಿಂದ. ಅದರಲ್ಲಿ ಮೊಟ್ಟೆಯಿತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಕೇಳುವುದು ಹೇಗೆಂದೂ ಗೊತ್ತಿರಲಿಲ್ಲ. ಮರುದಿನ ಬುತ್ತಿ ಕೈಗೆ ಸಿಕ್ಕಿತು. ಆದರೂ ಉಳಿದ ಎರಡು ದಿನ ಅವನು ಸಿಕ್ಕಿದ್ದನ್ನೆಲ್ಲ ತಿಂದ. ಏಕೆಂದು ಕೇಳಿದಾಗ, “ಹೇಗೂ ಒಮ್ಮೆ ಕೆಟ್ಟುಹೋಯಿತಲ್ಲ, ಇನ್ನೇನು ಅಂದುಕೊಂಡೆ” ಎಂದು ಅತ್ತ.

ಈ ಮಾತನ್ನು ಪ್ರತಿಯೊಬ್ಬ ತಾಯಿಯೂ ತಂದೆಯೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆ ಮಗುವಿಗೆ ಏನನ್ನು ತಿನ್ನಬಾರದೆಂಬ ಪಟ್ಟಿಯನ್ನು ಕೊಟ್ಟಿದ್ದರು. ಮೂರು ವಿಷಯಗಳನ್ನು ಕಲಿಸಿರಲಿಲ್ಲ. ಏಕೆ ತಿನ್ನಬಾರದು, ಸಂಕಟದಲ್ಲಿ ಏನು ಮಾಡಬೇಕು, ತಪ್ಪಿದ ಮೇಲೆ ಹಿಂತಿರುಗುವ ದಾರಿ ಯಾವುದು ಎಂಬ ಈ ಮೂರೂ ಇಲ್ಲದ ಪಟ್ಟಿ ಬರಿಯ ಹಾಳೆ.

3. ಏಕೆ: ಸಂಕಲ್ಪವಿಲ್ಲದ ತ್ಯಾಗ ವ್ರತವಲ್ಲ

ತನಗೆ ಸಲ್ಲುವ, ತಾನು ಸೇವಿಸಬಲ್ಲ ವಿಷಯದಿಂದ ಬುದ್ಧಿಪೂರ್ವಕವಾಗಿ, ಸಂಕಲ್ಪಮಾಡಿ ಹಿಂದೆ ಸರಿಯುವುದೇ ವ್ರತವೆಂದು ರತ್ನಕರಂಡಕದ ಲಕ್ಷಣ. ಸಿಗದಿದ್ದುದರಿಂದ ತಿನ್ನದಿರುವುದು ವ್ರತವಲ್ಲ; ಬೈಗುಳದ ಭಯದಿಂದ ತಿನ್ನದಿರುವುದೂ ವ್ರತವಲ್ಲ. ಭಯದಿಂದ ಬಿಟ್ಟದ್ದು ಭಯಪಡಿಸುವವರು ಇಲ್ಲದ ಕಡೆ ಮರಳಿ ಬರುತ್ತದೆ. ಆದ್ದರಿಂದ ಮಗುವಿಗೆ ಕಾರಣವನ್ನು ತಿಳಿಸುವುದು ಹೆಚ್ಚಿನ ಉಪಕಾರವಲ್ಲ, ವ್ರತದ ಮೂಲಾಂಗವೇ ಆಗಿದೆ.

ಕಾರಣಗಳನ್ನು ಮಗುವಿನ ಬುದ್ಧಿಗೆ ನಿಲುಕುವಂತೆ ಹೇಳಲು ಸಾಧ್ಯವಿದೆ. ಜೇನು ಸಾವಿರಾರು ನೊಣಗಳ ದುಡಿಮೆಯ ಸಂಗ್ರಹ. ಅದನ್ನು ಕಿತ್ತು ಹಿಂಡುವಾಗ ಮರಿಗಳೂ ಮೊಟ್ಟೆಗಳೂ ಸಾಯುತ್ತವೆ ಎಂದರೆ ಒಂಬತ್ತು ವರ್ಷದ ಮಗುವಿಗೆ ತಿಳಿಯುತ್ತದೆ. ಆಲೂಗಡ್ಡೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮೂಲಂಗಿಗಳು ಸಾಧಾರಣ ವನಸ್ಪತಿ. ಅಲ್ಲಿ ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿವೆಯೆಂದು ಆಗಮ ಹೇಳುತ್ತದೆ. ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ ಎಂಬ ತೂಕದಿಂದಲೇ ಸಮಂತಭದ್ರಸ್ವಾಮಿಗಳು ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ಬಿಡಲು ಹೇಳಿದ್ದಾರೆ. ನಾಲಗೆಯ ಒಂದು ಗಳಿಗೆಯ ರುಚಿಗೆ ಅಷ್ಟು ಜೀವಗಳನ್ನು ಬಲಿಕೊಡಬೇಕೇ ಎಂಬ ಪ್ರಶ್ನೆಯನ್ನು ಮಗುವಿನ ಮುಂದಿಟ್ಟು ಉತ್ತರವನ್ನು ಅದರಿಂದಲೇ ಹೇಳಿಸಬೇಕು. ತಾನೇ ಹೇಳಿದ ಉತ್ತರವನ್ನು ಮಗು ಬೇಗ ಮರೆಯುವುದಿಲ್ಲ.

ಎರಡನೆಯದಾಗಿ, ಎಲ್ಲ ತ್ಯಾಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಜೀವಮಾನಪರ್ಯಂತ ಹಿಡಿಯುವುದು ಯಮ. ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡು ಹಿಡಿಯುವುದು ನಿಯಮ. ಮೂರು ಮಕಾರಗಳ ತ್ಯಾಗ, ಅದರೊಳಗೇ ಸೇರುವ ಮೊಟ್ಟೆಯ ತ್ಯಾಗ, ಇವು ಮಗುವಿಗೆ ಯಮರೂಪವಾಗಿಯೇ ಇರತಕ್ಕದ್ದು. ಇಲ್ಲಿ ಸಡಿಲಿಕೆಗೆ ಎಡೆಯಿಲ್ಲ. ರಾತ್ರಿಭೋಜನ ತ್ಯಾಗ, ಗೆಡ್ಡೆಗೆಣಸುಗಳ ತ್ಯಾಗಗಳನ್ನು ಮನೆಯ ಆಚಾರವಾಗಿ ನಡೆಸುತ್ತ, ಹೊರಗೆ ಹೋಗುವ ದಿನಗಳಿಗೆ ಕಾಲಮಿತಿಯ ನಿಯಮವಾಗಿ, ಮಗುವಿನ ಒಪ್ಪಿಗೆಯಿಂದ ಕೊಡಿಸುವುದು ಉಚಿತ. “ಈ ಮೂರು ದಿನ ನಾನು ಇಂತಿಂಥದನ್ನು ಬಿಟ್ಟಿದ್ದೇನೆ” ಎಂದು ಮಗು ತಾನೇ ಹೇಳುವಂತಾಗಬೇಕು. ತಂದೆಯ ಅಪ್ಪಣೆಗೂ ಮಗನ ನಿಯಮಕ್ಕೂ ಇರುವ ಅಂತರ ಇಲ್ಲಿದೆ.

4. ಖದಿರಸಾರನಿಗೆ ಮುನಿಗಳು ಕಲಿಸಿದ ರೀತಿ

ವ್ರತ ಕೊಡುವ ಜಾಣ್ಮೆಗೆ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಖದಿರಸಾರನ ಕಥೆ ಒಳ್ಳೆಯ ನಿದರ್ಶನ. ಅವನು ವಿಂಧ್ಯದ ಕಾಡಿನ ಬೇಡ. ಸಮಾಧಿಗುಪ್ತ ಮುನಿಗಳನ್ನು ಕಂಡು ನಮಸ್ಕರಿಸಿದಾಗ ಅವರು ಮದ್ಯ ಮಾಂಸ ಮಧುಗಳ ತ್ಯಾಗವೇ ಧರ್ಮವೆಂದು ತಿಳಿಸಿದರು. ಅದು ತನ್ನಿಂದಾಗದೆಂದು ಬೇಡನು ಹೇಳಿಕೊಂಡನು. ಮುನಿಗಳು ಕೋಪಿಸಿಕೊಳ್ಳಲಿಲ್ಲ, ಅವನನ್ನು ಕೈಬಿಡಲೂ ಇಲ್ಲ. ಎಂದಾದರೂ ಕಾಗೆಯ ಮಾಂಸವನ್ನು ತಿಂದಿರುವೆಯಾ ಎಂದು ಕೇಳಿದರು. ಇಲ್ಲವೆಂದಾಗ, ಹಾಗಾದರೆ ಅದೊಂದನ್ನೇ ಬಿಡು ಎಂದು ವ್ರತ ಕೊಟ್ಟರು.

ಮುಂದೆ ಅವನಿಗೆ ರೋಗ ಬಂತು. ವೈದ್ಯರು ಕಾಗೆಯ ಮಾಂಸವೇ ಮದ್ದೆಂದರು. ಬಂಧುಗಳು ಪ್ರೀತಿಯಿಂದಲೇ ಒತ್ತಾಯಿಸಿದರು; ಅವನನ್ನು ಒಪ್ಪಿಸಲೆಂದು ಮೈದುನನೂ ಬೇರೂರಿನಿಂದ ಬಂದನು. ಖದಿರಸಾರನು ಪ್ರಾಣ ಹೋದರೂ ಸರಿ, ವ್ರತ ಬಿಡೆನೆಂದನು. ಆ ಚಿಕ್ಕ ವ್ರತದ ದೃಢತೆಯಿಂದಲೇ ಕೊನೆಯಲ್ಲಿ ಶ್ರಾವಕವ್ರತಗಳನ್ನು ಸ್ವೀಕರಿಸಿ ಸೌಧರ್ಮಕಲ್ಪದಲ್ಲಿ ದೇವನಾದನು. ಅಲ್ಲಿಂದ ಬಂದು ಮಗಧದಲ್ಲಿ ಶ್ರೇಣಿಕ ಮಹಾರಾಜನಾಗಿ, ಮಹಾವೀರಸ್ವಾಮಿಗಳ ಸಮವಸರಣದಲ್ಲಿ ಮುಖ್ಯ ಶ್ರೋತೃವಾದನು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮುನಿಗಳು ಶಿಷ್ಯನ ಶಕ್ತಿಯನ್ನು ಅಳೆದು ಅವನು ಹೊರಬಲ್ಲಷ್ಟನ್ನೇ ಕೊಟ್ಟರು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಗಳೆರಡನ್ನೂ ‘ಶಕ್ತಿಯಿದ್ದಷ್ಟು’ ಎಂದೇ ಹೇಳಿರುವುದನ್ನು ತತ್ತ್ವಾರ್ಥಸೂತ್ರ ಓದಿದವರು ಬಲ್ಲರು. ಎರಡನೆಯದು, ಖದಿರಸಾರನು ರೋಗಶಯ್ಯೆಯಲ್ಲಿದ್ದಾಗ ಮುನಿಗಳು ಪಕ್ಕದಲ್ಲಿ ಕಾವಲಿರಲಿಲ್ಲ. ಕೊಟ್ಟದ್ದು ಚಿಕ್ಕದಾದರೂ ಅವನದೇ ಆಗಿತ್ತು, ಆದುದರಿಂದ ಉಳಿಯಿತು. ಬುತ್ತಿಯೊಡನೆ ಉದ್ದದ ಪಟ್ಟಿಯನ್ನು ಕಟ್ಟಿಕೊಡುವ ಹೆತ್ತವರು ಈ ಕಥೆಯನ್ನು ಮತ್ತೊಮ್ಮೆ ಓದಬೇಕು.

5. ತಪ್ಪಿದ ಮೇಲೆ: ಹಿಂತಿರುಗುವ ದಾರಿ

‘ಒಮ್ಮೆ ಕೆಟ್ಟಿತು, ಇನ್ನೇನು’ ಎಂಬ ಭಾವನೆಗೆ ಶಾಸ್ತ್ರದಲ್ಲಿ ಸ್ಪಷ್ಟವಾದ ಉತ್ತರವಿದೆ. ವ್ರತಭಂಗದ ನಾಲ್ಕು ಮೆಟ್ಟಿಲುಗಳನ್ನು ಅಮಿತಗತಿ ಆಚಾರ್ಯರು ಎಣಿಸಿದ್ದಾರೆ: ಮನಃಶುದ್ಧಿ ಕದಡುವುದು ಅತಿಕ್ರಮ, ಶೀಲದ ಬೇಲಿಯನ್ನು ಮೀರುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲೇ ಅತಿಯಾಗಿ ಆಸಕ್ತನಾಗುವುದು ಅನಾಚಾರ. ಇದಕ್ಕೆ ಹಿರಿಯರು ಮುದಿ ಎತ್ತಿನ ಹೋಲಿಕೆಯನ್ನು ಕೊಡುತ್ತಾರೆ. ಹಸಿರು ಹೊಲವನ್ನು ಕಂಡು ಆಸೆಪಡುವುದು ಮೊದಲ ಮೆಟ್ಟಿಲು. ಬೇಲಿಯ ಸಂದಿನಲ್ಲಿ ಮೂತಿ ತೂರಿಸುವುದು ಎರಡನೆಯದು. ಒಂದು ಬಾಯಿ ಕಚ್ಚುವುದು ಮೂರನೆಯದು. ಹೊಲಕ್ಕೇ ನುಗ್ಗಿ ಮನಸಾರೆ ಮೇಯುವುದು ನಾಲ್ಕನೆಯದು. ಪ್ರತಿ ಮೆಟ್ಟಿಲಿನಲ್ಲಿಯೂ ಹಿಂತಿರುಗಲು ಎಡೆಯಿದೆ. ಮೊದಲ ರಾತ್ರಿ ಹಸಿವಿನಿಂದ ಆದದ್ದು ಅತಿಚಾರ. ಉಳಿದ ಎರಡು ದಿನಗಳಲ್ಲಿ ಆದದ್ದು ಅನಾಚಾರ. ಮೊದಲ ರಾತ್ರಿಯೇ ಹಿಂತಿರುಗಬಹುದೆಂದು ಆ ಹುಡುಗನಿಗೆ ಯಾರಾದರೂ ಹೇಳಿದ್ದರೆ ಎರಡು ದಿನದ ದೋಷ ತಪ್ಪುತ್ತಿತ್ತು.

ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತಗಳನ್ನು ಒಂಬತ್ತಾಗಿ ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು ಆಲೋಚನಾ, ಅಂದರೆ ಆದ ದೋಷವನ್ನು ಮರೆಮಾಚದೆ ಹಿರಿಯರ ಮುಂದೆ ನಿವೇದಿಸುವುದು. ಉಳಿದ ಶುದ್ಧಿಯೆಲ್ಲ ಅದರ ಹಿಂದೆ ಬರುವಂಥದು. ಮನೆಯಲ್ಲಿ ಸತ್ಯ ಹೇಳಿದ ಮಗುವಿಗೆ ಪೆಟ್ಟು ಬೀಳುವುದಾದರೆ ಆಲೋಚನೆಯ ಬಾಗಿಲನ್ನು ಹೆತ್ತವರೇ ಮುಚ್ಚಿದಂತಾಯಿತು. ಆಗ ಮಗು ತಿಂದ ದೋಷಕ್ಕೆ ಸುಳ್ಳಿನ ದೋಷವನ್ನು ಸೇರಿಸಿಕೊಳ್ಳುತ್ತದೆ. ಅಹಿಂಸೆಯನ್ನು ಕಾಯಲು ಹೋಗಿ ಸತ್ಯಾಣುವ್ರತವನ್ನು ಕೆಡಿಸಿದಂತಾಗುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರನ್ನು ಈ ಸಂದರ್ಭಕ್ಕೆ ಅನ್ವಯಿಸಿಕೊಳ್ಳಬೇಕು. ಅಶಕ್ತನಾದವನಿಂದ ಆದ ದೋಷವನ್ನು ಊರಿಗೆ ಸಾರದಿರುವುದು ಉಪಗೂಹನ. ನೆಂಟರ ಎದುರಿನಲ್ಲಿ, ಬಸದಿಯ ಜಗಲಿಯಲ್ಲಿ, “ನಮ್ಮ ಹುಡುಗ ಪ್ರವಾಸದಲ್ಲಿ ಏನು ಮಾಡಿದ ಗೊತ್ತೇ” ಎಂದು ಆಡುವ ಹೆತ್ತವರು ಈ ಅಂಗವನ್ನು ಮುರಿಯುತ್ತಾರೆ. ಜಾರಿದವನನ್ನು ಮತ್ತೆ ನಿಲ್ಲಿಸುವುದು ಸ್ಥಿತಿಕರಣ. ಇದಕ್ಕೆ ಪ್ರಸಿದ್ಧನಾದವನು ಶ್ರೇಣಿಕನ ಮಗನೇ ಆದ ವಾರಿಷೇಣ ಮುನಿ. ಅವನ ಜೊತೆಗಾರ ಪುಷ್ಪಡಾಲನು ದೀಕ್ಷೆ ಪಡೆದು ಹನ್ನೆರಡು ವರ್ಷಗಳಾದರೂ ಮನೆಯ ಹೆಂಡತಿಯನ್ನು ಮರೆತಿರಲಿಲ್ಲ. ವಾರಿಷೇಣನು ಅವನನ್ನು ಹಳಿಯಲಿಲ್ಲ. ತನ್ನ ಅರಮನೆಗೇ ಕರೆತಂದು, ತಾನು ತೊರೆದ ಸಂಪತ್ತನ್ನೂ ಅಲಂಕೃತರಾದ ತನ್ನ ಪತ್ನಿಯರನ್ನೂ ಕಣ್ಣೆದುರಿಗೆ ನಿಲ್ಲಿಸಿದನು. ಅಷ್ಟನ್ನು ತೊರೆದವನ ಪಕ್ಕದಲ್ಲಿ ನಿಂತ ಪುಷ್ಪಡಾಲನಿಗೆ ತನ್ನ ಮೋಹದ ಅಲ್ಪತನ ತಾನಾಗಿಯೇ ತಿಳಿಯಿತು. ಮುಳುಗುಂದದ ನಯಸೇನನು 1112ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ಈ ಎಂಟು ಅಂಗಗಳಿಗೂ ಕಥೆಗಳನ್ನು ಕನ್ನಡದಲ್ಲಿಯೇ ಹೇಳಿದ್ದಾನೆ. ಮಕ್ಕಳೊಡನೆ ಕುಳಿತು ಓದಲು ತಕ್ಕ ಗ್ರಂಥ ಅದು.

ವಾರಿಷೇಣನ ಉಪಾಯದಲ್ಲಿ ಗೃಹಸ್ಥರಿಗೂ ಪಾಠವಿದೆ. ಮಗು ಎಲ್ಲಿ ಜಾರಿತೋ ಅಲ್ಲಿಗೇ ಅದನ್ನು ಕೈಹಿಡಿದು ಕರೆದೊಯ್ಯಬೇಕು. ತಂದೆಯು ಮಗನೊಡನೆ ಒಂದು ಸಸ್ಯಾಹಾರಿ ಖಾನಾವಳಿಗೆ ಹೋಗಿ, ಬಡಿಸುವವನನ್ನು ಸೌಮ್ಯವಾಗಿ ಕೇಳುವುದು ಹೇಗೆ, ಉಳ್ಳಾಗಡ್ಡಿ ಬೆಳ್ಳುಳ್ಳಿಯಿಲ್ಲದ್ದು ಯಾವುದೆಂದು ತಿಳಿಯುವುದು ಹೇಗೆ, ಏನೂ ಸಿಗದಿದ್ದಾಗ ಬರಿಯ ಅನ್ನ, ಮೊಸರು, ಬಾಳೆಹಣ್ಣುಗಳಿಂದ ತೃಪ್ತನಾಗುವುದು ಹೇಗೆ ಎಂಬುದನ್ನು ಮಾಡಿ ತೋರಿಸಬೇಕು. ಹತ್ತು ಬೈಗುಳಗಳಿಂದ ಆಗದ ಕೆಲಸ ಇಂಥ ಒಂದು ಊಟದಿಂದ ಆಗುತ್ತದೆ.

6. ಹೊರಡುವ ಮುನ್ನ

ವಿಚಾರ ಸ್ಪಷ್ಟವಾದ ಮೇಲೆ ವ್ಯವಹಾರಕ್ಕೆ ಬರಬಹುದು.

ಬುತ್ತಿ: ಒಂದು ಹೊತ್ತಿನ ಒಣ ಆಹಾರವೂ ಸೋಸಿ ಕಾಸಿದ ನೀರೂ ಮಗುವಿನ ಹೆಗಲಚೀಲದಲ್ಲಿಯೇ ಇರಬೇಕು, ಉಳಿದದ್ದು ದೊಡ್ಡ ಚೀಲದಲ್ಲಿರಲಿ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವುದು ಉತ್ತಮ ಪದ್ಧತಿ. ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ಸಂಜೆ ಆರು ಗಂಟೆಯ ಆಸುಪಾಸಿನಲ್ಲಿ ಹೊತ್ತು ಮುಳುಗುವುದರಿಂದ ಐದು ಗಂಟೆಗೆ ಚೀಲ ಬಿಚ್ಚುವ ರೂಢಿಯನ್ನು ಮಗುವಿಗೆ ಮಾಡಿಸಬೇಕು. ತಪ್ಪಿ ಹೊತ್ತು ಮೀರಿದರೆ ಏನು ಮಾಡಬೇಕೆಂಬುದನ್ನು ಮನೆಯ ಪದ್ಧತಿಗೂ ಮುನಿ ಆರ್ಯಿಕೆಯರ ಉಪದೇಶಕ್ಕೂ ಅನುಸಾರವಾಗಿ ಮೊದಲೇ ನಿಶ್ಚಯಿಸಿ ಹೇಳಿರಬೇಕು. ಬೆಳೆಯುವ ಮಗುವನ್ನು ಬಲವಂತದ ಉಪವಾಸಕ್ಕೆ ಗುರಿಮಾಡುವುದು ತಪವಲ್ಲ.

ಗುರುಗಳಿಗೆ ಸೂಚನೆ: ಮಗುವಿನ ಆಹಾರ ನಿಯಮವನ್ನು ಶಿಕ್ಷಕರಿಗೆ ವಿನಯದಿಂದ, ಬರವಣಿಗೆಯಲ್ಲಿ ತಿಳಿಸಬೇಕು. ಅಂಜುತ್ತಿರುವ ಮಗುವಿಗೆ ತನ್ನ ಪರವಾಗಿ ತಿಳಿದವರೊಬ್ಬರು ಅಲ್ಲಿದ್ದಾರೆಂಬುದೇ ಧೈರ್ಯ. ಕರ್ನಾಟಕದ ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡುವ ಕ್ರಮ 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊದಲಾಗಿ, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿ, 2024ರಲ್ಲಿ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯೂ ಅದರಲ್ಲಿದೆ. ಆದುದರಿಂದ ಆತಂಕಪಡದೆ, ತನಗೆ ಬಾಳೆಹಣ್ಣು ಬೇಕೆಂದು ಕೇಳುವುದನ್ನು ಮಗುವಿಗೆ ಕಲಿಸಿದರೆ ಸಾಕು.

ಪೊಟ್ಟಣದ ಗುರುತು: ಭಾರತದಲ್ಲಿ ಮಾರುವ ಪೊಟ್ಟಣದ ತಿನಿಸುಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತವಿರುತ್ತದೆ. ಮಾಂಸಾಹಾರಕ್ಕೆ ಮೊದಲು ಕಂದು ವೃತ್ತವಿತ್ತು. 2020ರ ನಿಯಮಾವಳಿಯಲ್ಲಿ ಅದನ್ನು ಕಂದು ತ್ರಿಕೋನವಾಗಿ ಬದಲಾಯಿಸಲಾಯಿತು. ಮೊಟ್ಟೆಯಿರುವ ಕೇಕು ಬಿಸ್ಕತ್ತುಗಳಿಗೂ ಪ್ರಾಣಿಜನ್ಯ ಜೆಲಟಿನ್ ಸೇರಿದ ಮಿಠಾಯಿಗಳಿಗೂ ಕಂದು ಗುರುತೇ ಸಲ್ಲುತ್ತದೆ. ಆದರೆ ಶ್ರಾವಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸರಕಾರದ ನಿಯಮವು ಜೇನು, ಜೇನುಮೇಣ, ಅರಗು ಇವುಗಳನ್ನು ಮಾಂಸಾಹಾರದ ಲಕ್ಷಣದಿಂದ ಹೊರಗಿಟ್ಟಿದೆ. ಆದ್ದರಿಂದ ಜೇನು ಬೆರೆತ ತಿನಿಸಿಗೂ ಹಸಿರು ಗುರುತು ಇರಬಹುದು. ಗೆಡ್ಡೆಗೆಣಸುಗಳ ವಿಷಯದಲ್ಲಂತೂ ಹಸಿರು ಗುರುತು ಏನನ್ನೂ ಹೇಳುವುದಿಲ್ಲ. ಆದುದರಿಂದ ಗುರುತನ್ನು ನೋಡಿದ ಮೇಲೆ ಒಳಪದಾರ್ಥಗಳ ಪಟ್ಟಿಯನ್ನೂ ಓದುವ ಅಭ್ಯಾಸ ಬೇಕು. ಅಂಗಡಿಗೆ ಹೋದಾಗ ಈ ಓದನ್ನು ಮಗುವಿಗೇ ಒಪ್ಪಿಸಿದರೆ ಅದು ಸಂತೋಷದಿಂದ ಮಾಡುತ್ತದೆ.

ನಿರಾಕರಿಸುವ ರೀತಿ: ಗೆಳೆಯರು ಕೊಟ್ಟಾಗ “ಅಪ್ಪ ಬೈತಾರೆ” ಎನ್ನುವ ಮಗುವನ್ನು ಅವರು ಹಾಸ್ಯಮಾಡಿ ಸೋಲಿಸುತ್ತಾರೆ. “ನಾನು ನಿಯಮ ತೊಗೊಂಡಿದ್ದೀನಿ, ನೀವು ತಿನ್ನಿ, ನಾನು ನಿಮ್ಮ ಜೊತೆ ಕೂತಿರ್ತೀನಿ” ಎನ್ನುವ ಮಗುವನ್ನು ಸೋಲಿಸುವುದು ಕಷ್ಟ. ತಿನ್ನುವವರನ್ನು ಕೀಳಾಗಿ ಕಾಣುವುದನ್ನು ಮಾತ್ರ ಎಂದಿಗೂ ಕಲಿಸಬಾರದು. ಜೀವದಯೆಯ ಹೆಸರಿನಲ್ಲಿ ಜೊತೆಗಾರರ ಮನಸ್ಸನ್ನು ನೋಯಿಸಿದರೆ ಅದೂ ಹಿಂಸೆಯೇ.

7. ಹೆತ್ತವರ ನಡತೆ

ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡುವವರಿಗೆ ಸಮ್ಮತಿಸುವುದು ಎಂಬ ಕೃತ, ಕಾರಿತ, ಅನುಮತಗಳು ಮೂರೂ ಕರ್ಮಾಸ್ರವಕ್ಕೆ ಕಾರಣ. ಮಗನಿಗೆ ರಾತ್ರಿಭೋಜನ ಬೇಡವೆಂದು ಹೇಳಿ ಮದುವೆಯ ಆರತಕ್ಷತೆಯಲ್ಲಿ ರಾತ್ರಿ ಒಂಬತ್ತಕ್ಕೆ ತಟ್ಟೆ ಹಿಡಿಯುವ ತಂದೆ, ಮಗುವಿನ ಪಾಲಿಗೆ ಸಮ್ಮತಿಯ ಮುದ್ರೆಯನ್ನು ಒತ್ತಿದಂತೆಯೇ. “ಒಂದು ತುತ್ತಿಗೆ ಏನಾಗುತ್ತದೆ, ಅವರು ಬೇಸರಪಟ್ಟಾರು” ಎಂದು ಒತ್ತಾಯಿಸುವ ಬಂಧುಗಳೂ ಹಾಗೆಯೇ.

ಹೆತ್ತವರ ಮಾತಿಗೆ ಎಂಥ ಬಲವಿದೆಯೆಂಬುದನ್ನು ಜೀವದಯಾಷ್ಟಮಿಯ ಸಂದರ್ಭದಲ್ಲಿ ನೆನೆಯುವ ಯಶೋಧರನ ಕಥೆ ತಿಳಿಸುತ್ತದೆ. 1209ರಲ್ಲಿ ಜನ್ನನು ಇದನ್ನು ಯಶೋಧರ ಚರಿತೆಯಾಗಿ ಕನ್ನಡದಲ್ಲಿ ಹೇಳಿದನು. ಕೋಳಿಯನ್ನು ಬಲಿಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ ಯಶೋಧರನು ಜೀವವಿರುವುದನ್ನು ಕೊಲ್ಲಲೊಪ್ಪದೆ, ಅವಳ ಮನಸ್ಸನ್ನು ಮುರಿಯಲೂ ಆಗದೆ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಸಂಕಲ್ಪಹಿಂಸೆಯೇ ಸಾಕಾಯಿತು, ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಅಲೆದರು. ಹೆತ್ತವರ ಪ್ರೀತಿಯ ಒತ್ತಾಯ ಮಗನನ್ನು ಅಧರ್ಮಕ್ಕೆ ಒಯ್ಯಬಲ್ಲದಾದರೆ, ಅದೇ ಪ್ರೀತಿ ಧರ್ಮದಲ್ಲಿಯೂ ನಿಲ್ಲಿಸಬಲ್ಲದು. ಬಲ ಒಂದೇ, ಅದು ಯಾವ ಕಡೆಗೆ ನಡೆಸುತ್ತದೆ ಎಂಬುದೇ ಪ್ರಶ್ನೆ.

8. ಉಪಸಂಹಾರ

ಮೇಲಿನ ದೃಷ್ಟಾಂತದ ಮನೆಯಲ್ಲಿ ಅಂದು ಅಜ್ಜಿಯ ಮಾತಿನಿಂದ ಎತ್ತಿದ ಕೈ ಇಳಿಯಿತು. ಮರುದಿನ ಬೆಳಿಗ್ಗೆ ತಂದೆ ಮಗನನ್ನು ಬಸದಿಗೆ ಕರೆದೊಯ್ದನು. ಹುಡುಗ ಜಿನಬಿಂಬದ ಮುಂದೆ ತನ್ನ ದೋಷವನ್ನು ಹೇಳಿಕೊಂಡನು. ಅವನ ಪಕ್ಕದಲ್ಲಿ ನಿಂತ ತಂದೆಯೂ, ಹಿಂದಿನ ತಿಂಗಳು ಗೆಳೆಯರೊಡನೆ ಪಟ್ಟಣದಲ್ಲಿ ತಾನು ರಾತ್ರಿ ಉಂಡದ್ದನ್ನು ಮಗನಿಗೆ ಕೇಳಿಸುವಂತೆಯೇ ಹೇಳಿಕೊಂಡನು. ಇಬ್ಬರೂ ಒಂಬತ್ತು ಬಾರಿ ಣಮೋಕಾರವನ್ನು ಜಪಿಸಿ ಕಾಯೋತ್ಸರ್ಗ ಮಾಡಿದರು. ಒಂದು ತಿಂಗಳ ರಾತ್ರಿಭೋಜನ ತ್ಯಾಗದ ನಿಯಮವನ್ನು ಕೂಡಿಯೇ ತೆಗೆದುಕೊಂಡರು. ಹಾಳೆಯ ಪಟ್ಟಿಯನ್ನು ಹರಿದುಹಾಕಿ, ಮಗನೇ ಹೊಸದೊಂದನ್ನು ಬರೆದನು. ಅದು ಮೊದಲಿನದಕ್ಕಿಂತ ಚಿಕ್ಕದಾಗಿತ್ತು.

ಎರಡು ತಿಂಗಳ ಮೇಲೆ ಖೋಖೋ ಪಂದ್ಯಕ್ಕಾಗಿ ಅವನು ಎರಡು ದಿನ ಪರವೂರಿಗೆ ಹೋದನು. ಹಿಂತಿರುಗಿ ಬಂದು, ಕಾಲು ತೊಳೆದು, ಯಾರೂ ಕೇಳುವ ಮುನ್ನವೇ ತಾಯಿಗೆ ಹೇಳಿದನು: “ಅವ್ವಾ, ನಿನ್ನೆ ಮಧ್ಯಾಹ್ನ ಚಿತ್ರಾನ್ನ ಒಂದು ತುತ್ತು ತಿಂದ ಮೇಲೆ ಉಳ್ಳಾಗಡ್ಡಿ ಕಾಣಿಸ್ತು. ಅಲ್ಲಿಗೇ ಬಿಟ್ಟು ಶೇಂಗಾ ಉಂಡಿ ತಿಂದೆ. ಒಂಬತ್ತು ಸಲ ಣಮೋಕಾರ ಹೇಳಿಕೊಂಡೆ.” ತಾಯಿ ಅವನ ತಲೆ ಸವರಿ, ಬಿಸಿ ರೊಟ್ಟಿ ಬಡಿಸಿದಳು. ಹೊರಗಿನ ಎರಡು ದಿನಗಳಲ್ಲಿ ಹೆತ್ತವರ ಪ್ರಭಾವ ಮಗುವಿನೊಡನೆ ಇತ್ತೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿಲ್ಲ. ದೋಷವೇ ಆಗದ ಮಗು ದುರ್ಲಭ. ದೋಷವನ್ನು ಅರಿತು, ಅಲ್ಲಿಯೇ ನಿಂತು, ಮನೆಗೆ ಬಂದು ಹೇಳಬಲ್ಲ ಮಗುವನ್ನು ಬೆಳೆಸುವುದು ಪ್ರತಿ ಶ್ರಾವಕನ ಮನೆಗೂ ಸಾಧ್ಯ.

ಮನೆಮಂದಿಯ ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಯಮ, ನಿಯಮಗಳಿಗಿರುವ ಭೇದವೇನು? ಮನೆಯ ಮಕ್ಕಳಿಗೆ ಯಾವುದನ್ನು ಯಮವಾಗಿ, ಯಾವುದನ್ನು ನಿಯಮವಾಗಿ ಕೊಡಲಾಗಿದೆ?
2. ಸಮಾಧಿಗುಪ್ತ ಮುನಿಗಳು ಖದಿರಸಾರನಿಗೆ ಅಷ್ಟು ಚಿಕ್ಕ ವ್ರತವನ್ನು ಕೊಟ್ಟುದೇಕೆ?
3. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳನ್ನು ಎತ್ತಿನ ಹೋಲಿಕೆಯಿಂದ ಮಕ್ಕಳಿಂದಲೇ ಹೇಳಿಸಿರಿ.
4. ಹಸಿರು ಗುರುತು ಇದ್ದರೂ ಶ್ರಾವಕನು ಬಿಡಬೇಕಾದ ಪದಾರ್ಥಗಳು ಯಾವುವು?
5. ಮನೆಯ ಮಗು ಹೊರಗೆ ನಿಯಮ ತಪ್ಪಿದರೆ ಅದನ್ನು ಮೊದಲು ಯಾರ ಬಳಿ ಹೇಳಬಲ್ಲದು? ಯಾರ ಬಳಿಯೂ ಹೇಳಲಾರದೆಂದಾದರೆ, ತಿದ್ದಿಕೊಳ್ಳಬೇಕಾದವರು ಯಾರು?